ಮೂರು ದಿನದ ಲಂಘನ

"ಪದದ ಅರ್ಥ ಗೊತ್ತಿಲ್ಲದವರು ಔಷಧ ಮುಟ್ಟಬಾರದು!"

ಕರಿಕಲ್ಲುದುರ್ಗದ ಸಭೆಯಲ್ಲಿ ತ್ರಿವಿಕ್ರಮ ಪಂಡಿತರು ಹೀಗೆ ಗುಡುಗಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನಾನೇ. ನಾನು ಓಬಣ್ಣ, ದೊರೆಗಳ ವಿದೂಷಕ. ಪಂಡಿತರು ಹೊಸದಾಗಿ ಬಂದ ವೈದ್ಯರು, ಜರಿ ಶಾಲು ಹೊದ್ದಿದ್ದರು. ಜರಿ ಕಂಡಲ್ಲಿ ತಲೆಯಾಡಿಸುವುದು ನನ್ನ ಹಳೆಯ ಕಾಯಿಲೆ.

"ಈ ಊರಲ್ಲಿ ಕೆಂಚವ್ವ ಅನ್ನುವ ಮುದುಕಿ ಬೇರು ನಾರು ಅರೆದು ಕೊಡುತ್ತಾಳಂತೆ. ರೋಗದ ಹೆಸರಿಗೆ ಅರ್ಥವಾದರೂ ಗೊತ್ತೇ ಅವಳಿಗೆ? ಕರೆಸಿ ಕೇಳೋಣ. ಗೊತ್ತಿಲ್ಲದಿದ್ದರೆ ಇನ್ನು ಅವಳು ಯಾರಿಗೂ ಮದ್ದು ಕೊಡಕೂಡದು."

ದೊರೆ ಹಾಲಪ್ಪ ನಾಯಕರು ಒಪ್ಪಿದರು. ನಾಲ್ಕನೇ ದಿನ ಪರೀಕ್ಷೆ ಎಂದಾಯಿತು.

ಊರಿನ ಅರ್ಧ ಮಕ್ಕಳಿಗೆ ಸೂಲಗಿತ್ತಿ ಕೆಂಚವ್ವನೇ. ನನ್ನ ಹೆರಿಗೆ ಮಾಡಿಸಿದವಳೂ ಅವಳೇ, ಅದೊಂದನ್ನು ಮಾತ್ರ ಊರು ಇನ್ನೂ ಕ್ಷಮಿಸಿಲ್ಲ.

ಇಷ್ಟಿದ್ದೂ ನಾನು ಮಾಡಿದ್ದೇನು? ಅವತ್ತೇ ಅರಮನೆಯಲ್ಲಿ ಹದಿನೆಂಟು ಕಡುಬು ತಿಂದು ಹೊಟ್ಟೆ ಉಬ್ಬರಿಸಿಕೊಂಡೆ. ಕೆಂಚವ್ವನ ಹತ್ತಿರ ಹೋದರೆ ಓಮದ ಕಷಾಯದ ಜೊತೆ ಬೈಗುಳ ಸಿಗುತ್ತದೆ. ಪಂಡಿತರ ಹತ್ತಿರ ಹೋದರೆ ಮರ್ಯಾದೆ. ನಾಚಿಕೆಗೆಟ್ಟವನು, ಪಂಡಿತರ ಹತ್ತಿರವೇ ಹೋದೆ.

ಅವರು ನಾಡಿ ಹಿಡಿದು, ಕಣ್ಣು ಮುಚ್ಚಿ, "ಅಜೀರ್ಣ. ಮೂರು ದಿನ ಲಂಘನ ಮಾಡು" ಎಂದರು.

ಲಂಘನವೆಂದರೇನು ಎಂದು ಕೇಳಿದರೆ ದಡ್ಡ ಅಂದುಕೊಂಡಾರು ಎಂದು ಬಾಯಿ ಮುಚ್ಚಿಕೊಂಡೆ. ನನಗೆ ಗೊತ್ತಿದ್ದದ್ದು ಒಂದೇ ಲಂಘನ, ಹನುಮಂತ ಮಾಡಿದ ಸಮುದ್ರಲಂಘನ. ನಮ್ಮೂರಲ್ಲಿ ಸಮುದ್ರ ಎಲ್ಲಿದೆ? ಮೊದಲ ದಿನ ಹಿತ್ತಲ ಚರಂಡಿ ಹಾರಿದೆ. ಎರಡನೇ ದಿನ ಕೊಟ್ಟಿಗೆಯ ಗೋದಲಿ ಹಾರಿದೆ. ಹಾರಿ ಹಾರಿ ಹಸಿವು ಜಾಸ್ತಿಯಾಗಿ ಇನ್ನಷ್ಟು ತಿಂದೆ. ಮೂರನೇ ದಿನ ತಿಪ್ಪೆ ಹಾರಲು ಹೋಗಿ ಅದರ ನಡುವೆಯೇ ಇಳಿದೆ. ಕಾಲು ಉಳುಕಿತು.

ಎಣ್ಣೆ ನೀವಿ ಪಟ್ಟು ಹಾಕಿದವಳು ಮತ್ತೆ ಕೆಂಚವ್ವ.

"ಈ ವಯಸ್ನಾಗೆ ಯಾಕಪ್ಪ ಹಾರಿದೆ?"

"ವೈದ್ಯರು ಹೇಳಿದರು."

"ನನ್ನೂ ನಾಳೆ ಅವ್ರೇ ಕೇಳ್ತಾರಂತಲ್ಲ. ಈ ಕೈಗೆ ಗೊತ್ತಿರೋದು ಬಾಯಿಗೆ ಗೊತ್ತಿಲ್ಲ ಕಣಪ್ಪ" ಎಂದಳು. ನನಗೆ ಅಳು ಬಂತು. ಕಾಲು ನೋವಿಗೆ ಅಂದುಕೊಂಡು ಇನ್ನಷ್ಟು ಎಣ್ಣೆ ಹಚ್ಚಿದಳು.

ಮರುದಿನ ತುಂಬಿದ ಸಭೆಯಲ್ಲಿ ಪಂಡಿತರು ಕೇಳಿದರು, "ಹೇಳು, ಅತಿಸಾರ ಎಂದರೇನು?"

ಕೆಂಚವ್ವ ಕೈ ಮುಗಿದಳು. "ಅತಿ ಸಾರು ಅಂದ್ರೆ... ಆ ಮನೇಲಿ ಮುದ್ದೆ ಕಮ್ಮಿ ಬಿದ್ದಿರ್ಬೇಕು ಬುದ್ಧಿ."

ಸಭೆ ಬಿದ್ದು ಬಿದ್ದು ನಕ್ಕಿತು.

"ಭೇದಿಗೆ ಅತಿಸಾರ ಅನ್ನುತ್ತಾರೆ, ಮುದುಕಿ!"

"ಭೇದಿ ಅಂತ ಕೇಳಿದ್ರೆ ಮದ್ದೇ ಹೇಳ್ತಿದ್ದೆ" ಎಂದು ಕೆಂಚವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ದೊರೆಗಳು ತೀರ್ಪು ಹೇಳಲು ಬಾಯಿ ತೆರೆದರು. ನಾನು ಕುಂಟುತ್ತ ಎದ್ದೆ.

"ಪಂಡಿತರೇ, ನೀವು ಹೇಳಿದ ಹಾಗೆ ಲಂಘನ ಮಾಡಿದೆ. ಹೊಟ್ಟೆ ಇಳಿಯಲಿಲ್ಲ, ಕಾಲೂ ಊದಿತು." ಚರಂಡಿ, ಗೋದಲಿ, ತಿಪ್ಪೆ, ಒಂದನ್ನೂ ಬಿಡದೆ ಹೇಳಿದೆ.

ಪಂಡಿತರು ಹೊಟ್ಟೆ ಹಿಡಿದು ನಕ್ಕರು. "ಮೂರ್ಖ! ಲಂಘನ ಎಂದರೆ ಉಪವಾಸ! ಅರ್ಥ ಗೊತ್ತಿಲ್ಲದವರು ಔಷಧ ಮುಟ್ಟಬಾರದು ಎಂದು ನಾನು ಅಂದೇ ಹೇಳಲಿಲ್ಲವೇ?"

"ಹೇಳಿದ್ದಿರಿ ಸ್ವಾಮಿ. ಆದರೆ ಔಷಧ ಮುಟ್ಟುವವನು ರೋಗಿಯೂ ಹೌದಲ್ಲವೇ? ಅಂದಮೇಲೆ ನಿಮ್ಮ ಹತ್ತಿರ ಬರುವ ರೋಗಿ ಮೊದಲು ಹನ್ನೆರಡು ವರ್ಷ ಕೂತು ಸಂಸ್ಕೃತ ಓದಬೇಕು. ಅತಿಸಾರ ಹಿಡಿದವನು ಅಷ್ಟು ಹೊತ್ತು ಕೂತಾನೆಯೇ?"

ನಾನು ದೊರೆಗಳತ್ತ ತಿರುಗಿದೆ.

"ಕೆಂಚವ್ವ 'ಉಣ್ಣಬೇಡ' ಅನ್ನುತ್ತಾಳೆ. ಅವಳ ಮಾತು ತಿಳಿಯದೆ ಈ ಊರಲ್ಲಿ ಒಬ್ಬನೂ ತಿಪ್ಪೆಗೆ ಬಿದ್ದಿಲ್ಲ ಪ್ರಭು."

ಹಾಲಪ್ಪ ನಾಯಕರು ಮೀಸೆ ಒದ್ದೆಯಾಗುವಷ್ಟು ನಕ್ಕರು. "ಕೆಂಚವ್ವ ಮದ್ದು ಕೊಡಲಿ. ಪಂಡಿತರೇ, ನೀವೂ ಕೊಡಿ. ಆದರೆ ಹೇಳುವುದನ್ನು ಮೊದಲು ಅವಳಿಗೆ ಹೇಳಿ. ಅವಳಿಗೆ ತಿಳಿದರೆ ಊರಿಗೇ ತಿಳಿದ ಹಾಗೆ."

ಆಮೇಲೆ ನನ್ನತ್ತ ತಿರುಗಿದರು. "ನಿಜ ಹೇಳು ಓಬಣ್ಣ. ಪಂಡಿತರನ್ನು ಸಿಕ್ಕಿಸಬೇಕೆಂದೇ ಹಾರಿದೆಯೋ, ತಿಳಿಯದೆ ಹಾರಿದೆಯೋ? ಇದು ಜಾಣತನವೋ, ದಡ್ಡತನವೋ?"

"ಬೀಳುವವರೆಗೂ ದಡ್ಡತನವೇ ಪ್ರಭು. ಎದ್ದಮೇಲೆ ಅದಕ್ಕೆ ಜಾಣತನ ಅಂತ ಹೆಸರಿಟ್ಟುಕೊಂಡೆ."