ನಡೆದಷ್ಟೇ ಹಗ್ಗ

ಮುಳ್ಳುಗುಡ್ಡದ ಸೇದುಬಾವಿ ಮಠಕ್ಕೆ ಗೋಪುರವಿರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣದ ಮನೆ, ಮುಂದೊಂದು ಬೇವಿನ ಮರ, ಮರದಡಿ ಹನ್ನೆರಡು ಮಾರು ಆಳದ ಬಾವಿ, ಬಾವಿಯ ಮಗ್ಗುಲಿಗೆ ದನಗಳು ನೀರು ಕುಡಿಯುವ ಕಲ್ಲಿನ ದೋಣಿ. ಇಷ್ಟೇ ಮಠ. ಪರಮಪೂಜ್ಯ ಶ್ರೀ ಗುರುಪಾದಯ್ಯ ತಾತನವರು ಇಲ್ಲಿ ನಲವತ್ತು ವರ್ಷ ಇದ್ದರು. ಬೆಳಗಿನ ಲಿಂಗಪೂಜೆ ಮುಗಿದೊಡನೆ ತಾವೇ ಹಗ್ಗ ಹಿಡಿದು ಇಪ್ಪತ್ತೊಂದು ಕೊಡ ನೀರು ಸೇದಿ ಆ ದೋಣಿಯನ್ನು ತುಂಬಿಸುತ್ತಿದ್ದರು. ‘ನಾವಿದ್ದೀವಲ್ಲ ತಾತಾ’ ಎಂದು ಭಕ್ತರು ಅಡ್ಡ ಬಂದರೆ, ‘ನೀವೂ ಅದೀರಿ, ನಮ್ಮ ಕೈಯೂ ಅದಾವ’ ಎಂದು ನಕ್ಕು ಕೊಡ ಇಳಿಬಿಡುತ್ತಿದ್ದರು.

ಹಗ್ಗದ ಗ್ಯಾನಪ್ಪನ ಕಾಲನ್ನು ತಾತನವರು ಒಂದು ಚಿಟಿಕೆ ವಿಭೂತಿಯಿಂದ ನೆಟ್ಟಗೆ ಮಾಡಿದರೆಂದು ಈಗಲೂ ಹೇಳುವವರಿದ್ದಾರೆ. ಹೇಳುವವರ ಬಾಯಿಗೆ ಬೀಗ ಹಾಕಲಾದೀತೇ? ಆದರೆ ನಡೆದದ್ದು ಹಾಗಲ್ಲ. ನಡೆದದ್ದು ಅದಕ್ಕಿಂತ ದೊಡ್ಡದು, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುವುದೇ ತಾತನವರಿಗೆ ಸಲ್ಲಿಸುವ ಗೌರವ.

ಗ್ಯಾನಪ್ಪನದು ಅದೇ ಊರಿನ ಹಗ್ಗ ಹೊಸೆಯುವ ಮನೆತನ. ಪುಂಡಿಯ ದಂಟನ್ನು ಹಳ್ಳದಲ್ಲಿ ನೆನೆಹಾಕಿ, ನಾರು ಸುಲಿದು, ಒಣಗಿಸಿ ಹಗ್ಗ ಮಾಡುವ ಕಾಯಕ. ಹೆಂಡತಿ ಹುಲಿಗೆವ್ವ ಕುಳಿತು ರಾಟಿ ತಿರುವಬೇಕು. ಗ್ಯಾನಪ್ಪ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ರಾಟಿಯ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಎಷ್ಟು ನಡೆದರೆ ಅಷ್ಟುದ್ದ ಹುರಿ. ಎಲ್ಲರೂ ಮುಂದೆ ಹೋದರೆ ಗ್ಯಾನಪ್ಪ ಹಿಂದೆ ಹೋಗ್ತಾನೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು, ಅವನೂ ನಗುತ್ತಿದ್ದ.

ಶ್ರಾವಣದ ಮೊದಲ ಸೋಮವಾರ ಮಠದ ಬಾವಿಗೆ ಹೊಸ ಹಗ್ಗ ಒಪ್ಪಿಸುವುದು ಆ ಮನೆತನದ ಸೇವೆ. ಮುತ್ತಜ್ಜನ ಕಾಲದಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಆ ವರ್ಷ ಹಳ್ಳ ಬಂದು ನೆನೆಹಾಕಿದ ಪುಂಡಿಯಲ್ಲಿ ಅರ್ಧವನ್ನು ಕೊಚ್ಚಿಕೊಂಡು ಹೋಯಿತು. ಎರಡು ಮಾರಿನಷ್ಟು ನಾರು ಕಡಿಮೆ ಬಿತ್ತು. ಮಠಕ್ಕೆ ಹೋಗಿ ‘ಎಂಟು ದಿನ ತಡ ಆಗ್ತೈತಿ ತಾತಾ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆತನದ ಹೆಸರಿನ ಹಟ ಅದಕ್ಕೆ ಬಿಡಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬಂಡಿಹಗ್ಗವನ್ನು ಬಿಚ್ಚಿ, ಗೆದ್ದಲು ಮುಟ್ಟಿದ ಆ ನಾರನ್ನು ನಡುವೆ ಸೇರಿಸಿ, ಮೇಲೆ ಹೊಸ ನಾರು ಹೊದಿಸಿ ಹೊಸೆದುಬಿಟ್ಟ. ನೋಡುವ ಕಣ್ಣಿಗೆ ಚೆಂದದ ಹಗ್ಗ. ರಾಟಿಯ ಹತ್ತಿರವಿದ್ದ ಹುಲಿಗೆವ್ವನಿಗೂ ಅದು ತಿಳಿಯಲಿಲ್ಲ.

ಹಗ್ಗ ಒಪ್ಪಿಸಿದ ಒಂಬತ್ತನೆಯ ದಿನ ಪುಂಡಿಯ ಹೊರೆ ಎತ್ತಲು ಬಗ್ಗಿದವನ ಸೊಂಟದಲ್ಲಿ ಏನೋ ಕಳಕ್ಕೆಂದಿತು. ಸೊಂಟದಿಂದ ಹೊರಟ ಸೆಳೆತ ಬಲತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡ ಹಾಯ್ದು, ಹಿಮ್ಮಡಿಯವರೆಗೆ ಬೆಂಕಿಯ ಗೆರೆ ಎಳೆಯಿತು. ಈಗಿನವರು ಸಯಾಟಿಕಾ ಎನ್ನುವ, ಆಯುರ್ವೇದದವರು ಗೃಧ್ರಸಿ ಎನ್ನುವ ಬೇನೆ ಅದು. ಗ್ಯಾನಪ್ಪನಿಗೆ ಆ ಹೆಸರುಗಳು ಗೊತ್ತಿರಲಿಲ್ಲ. ಅವನಿಗೆ ಹೊಳೆದದ್ದು ಒಂದೇ. ಸೊಂಟದಿಂದ ಹಿಮ್ಮಡಿಯವರೆಗೆ ಯಾರೋ ಒಂದು ಹಗ್ಗ ಹೂಡಿ ಬಿಗಿಯುತ್ತಿದ್ದಾರೆ. ಬಾವಿಯ ಹಗ್ಗ!

ಹೆದರಿಕೆ ಅಲ್ಲಿಂದ ಮೊದಲಾಯಿತು. ಕಾಲ್ಬೆರಳು ಜೋಮು ಹಿಡಿದರೆ ಕಾಲು ಸಾಯುತ್ತಿದೆ ಎಂದು ಬೆವರುತ್ತಿದ್ದ. ಕಣಿ ಹೇಳುವವಳೊಬ್ಬಳು ಮೊರದ ಜೋಳದಲ್ಲಿ ಬೆರಳಾಡಿಸಿ, ‘ದೇವರ ಸೊತ್ತಿನಾಗ ತಪ್ಪು ನಡದೈತಿ’ ಎಂದಾಗ ಅವನ ಜೀವ ಬಾಯಿಗೆ ಬಂದಿತ್ತು. ನೆರೆಯವನು, ‘ಅಲುಗಾಡಬ್ಯಾಡೋ, ನರ ಹರದೀತು’ ಎಂದ. ಹಗ್ಗ ಹೇಗೆ ಹರಿಯುತ್ತದೆಂದು ಗ್ಯಾನಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೊದಲು ಒಂದೆಳೆ, ಆಮೇಲೆ ಇನ್ನೊಂದು, ಕೊನೆಗೆ ಒಮ್ಮೆಲೇ. ಅವನು ಹಾಸಿಗೆ ಹಿಡಿದ. ಮಗ್ಗುಲಾಗಲೂ ಅಂಜಿದ. ಮಲಗಿದಷ್ಟೂ ಸೊಂಟ ಮರಗಟ್ಟಿತು, ಮರಗಟ್ಟಿದಷ್ಟೂ ನೋವು ಹೆಚ್ಚಿತು, ಹೆಚ್ಚಿದಷ್ಟೂ ಅಲುಗಾಡದೆ ಮಲಗಿದ. ಹೀಗೆ ಎರಡು ತಿಂಗಳು ಕಳೆಯಿತು. ಅಂಗಳದಲ್ಲಿ ರಾಟಿಗೆ ಜೇಡ ಬಲೆ ಕಟ್ಟಿತು.

ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ಮಠದ ಬಾವಿಯ ಗಾಲಿ ಕಿರ್ರೆನ್ನುವುದು ಅವನ ಹಾಸಿಗೆಗೆ ಕೇಳುತ್ತಿತ್ತು. ದಿನಾ ಬೆಳಿಗ್ಗೆ ಅವನು ಬೆರಳು ಮಡಿಚಿ ಎಣಿಸುತ್ತಿದ್ದ. ಒಂದು ಕೊಡ, ಎರಡು ಕೊಡ, ಮೂರು. ಹಗ್ಗ ಹರಿದರೆ ಎಳೆಯುತ್ತಿರುವವರು ಮುಗ್ಗರಿಸಿ ಬಾವಿಗೆ ಬೀಳಬಹುದು. ಎಳೆಯುತ್ತಿರುವವರು ತಾತನವರು. ಇಪ್ಪತ್ತೊಂದು ಮುಗಿದ ಮೇಲೆಯೇ ಅವನು ಮಡಿಚಿದ ಬೆರಳು ಬಿಡಿಸುತ್ತಿದ್ದ. ಹೇಳಿಬಿಡಬೇಕು ಎಂದು ದಿನಾ ಅನ್ನಿಸುವುದು, ಹೇಳಿದರೆ ಶಾಪ ತಟ್ಟಿ ಇನ್ನೊಂದು ಕಾಲೂ ಹೋದೀತೆಂದು ದಿನಾ ಬಾಯಿ ಕಟ್ಟುವುದು. ಪಾಪ ಮಾಡಿದವನಿಗಿಂತ ಪಾಪ ಮುಚ್ಚಿಟ್ಟವನ ನಿದ್ದೆ ಕೆಟ್ಟದ್ದು.

ಒಂದು ಬೆಳಿಗ್ಗೆ ಗಾಲಿ ಹದಿನಾಲ್ಕಕ್ಕೆ ನಿಂತಿತು.

ಗ್ಯಾನಪ್ಪ ಕಾದ. ಹದಿನೈದನೆಯ ಕಿರ್ರು ಬರಲಿಲ್ಲ. ಮಠದ ಬೇವಿನ ಮರದಲ್ಲಿ ಕಾಗೆಗಳು ಒಮ್ಮೆಲೇ ಕೂಗಿ ಎದ್ದವು. ಅವನ ಎದೆ ಒಡೆದುಹೋಯಿತು.

‘ಹುಲಿಗೀ! ಬಂಡಿ ಕಟ್ಟಸು! ನನ್ನ ಮಠಕ್ಕ ಒಯ್ಯಿ!’

‘ಅಲುಗಾಡಿದ್ರ ನರ ಹರೀತೈತಿ ಅಂತ ನೀನ ಅಂತಿದ್ದೆಲ್ಲ? ಈಗ ಏನಾತು?’ ಎಂದು ಅವಳು ಗಾಬರಿಯಾದಳು.

‘ಹರದ್ರ ಹರೀಲಿ. ಬಂಡಿ ಕಟ್ಟಸ ಮೊದ್ಲ!’

ಅವಳ ತಮ್ಮ ಬಂಡಿ ಹೂಡಿದ. ಹುಲ್ಲಿನ ಮೇಲೆ ಅಂಗಾತ ಮಲಗಿಸಿ ಮೂರು ಹೊಲ ದಾಟಿಸಿದರು. ಬಂಡಿಯ ಗಾಲಿ ಕಲ್ಲು ಹತ್ತಿದಾಗಲೆಲ್ಲ ಗ್ಯಾನಪ್ಪ ಹಲ್ಲು ಕಚ್ಚಿ ಶಿವನನ್ನು ಕೂಗಿದ. ಹೆಣ ಕಾಣುತ್ತೇನೆಂದೇ ಅವನು ಹೊರಟಿದ್ದ.

ಮಠದ ಮುಂದೆ ಬಂಡಿ ನಿಂತಾಗ ತಾತನವರು ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಜೀವಂತವಾಗಿದ್ದರು. ಗ್ಯಾನಪ್ಪನಿಗೆ ಅಳು ಬಂತು. ಅವನ ಕಣ್ಣೆದುರಿಗೇ ಅವರು ಮೆಲ್ಲನೆ ಎದ್ದರು, ಹಗ್ಗ ಹಿಡಿದರು, ಕೊಡ ಇಳಿಬಿಟ್ಟರು. ಕೊಡ ತುಂಬಿದ ಸದ್ದು ಕೇಳಿತು. ತಾತನವರು ಎಳೆಯಲು ಬಾವಿಯ ಕಡೆ ಬಾಗಿದರು.

‘ಯಪ್ಪಾ! ಬ್ಯಾಡ! ಹಗ್ಗ ಬಿಡ್ರೀ!’

ಬಂಡಿಯಿಂದ ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಎರಡು ತಿಂಗಳು ನೆಲ ಕಾಣದ ಕಾಲು ನೆಲಕ್ಕೆ ಬಿತ್ತು. ಕುಂಟುತ್ತ, ಮುಗ್ಗರಿಸುತ್ತ ಹೋಗಿ ಎರಡೂ ಕೈಯಿಂದ ತಾತನವರ ನಡುವನ್ನು ತಬ್ಬಿ ಹಿಂದಕ್ಕೆ ಎಳೆದ. ಸ್ವಾಮಿಗಳನ್ನು ಹೀಗೆ ಮುಟ್ಟುವುದುಂಟೇ ಎಂದು ಹುಲಿಗೆವ್ವ ಬಾಯಿಗೆ ಸೆರಗು ಹಿಡಿದಳು. ಅಷ್ಟರಲ್ಲಿ ನೋವು ನೆನಪಾಗಿ ಗ್ಯಾನಪ್ಪ ಅಲ್ಲೇ ಅವರ ಪಾದದ ಮೇಲೆ ಕುಸಿದ.

‘ಹಗ್ಗದ ನಡುವ ಹುಸಿ ಐತ್ರಿ ಯಪ್ಪಾ. ಹಳೇ ನಾರು ಬೆರಸೀನಿ. ಅದಕ್ಕ ನನ್ನ ಕಾಲಿಗೆ ಶಿವ ಉರುಲು ಹಾಕ್ಯಾನ. ತಪ್ಪಾತು, ತಪ್ಪಾತು!’

ತಾತನವರು ಕೊಡವನ್ನು ಮೇಲಕ್ಕೆ ತಂದು ದೋಣಿಗೆ ಸುರಿದರು. ಆಮೇಲೆ ಹಗ್ಗವನ್ನು ಅವನ ಕೈಗಿತ್ತರು. ಗ್ಯಾನಪ್ಪನ ಬೆರಳು ಅಭ್ಯಾಸದಂತೆ ಹಗ್ಗದ ಮೇಲೆ ಹರಿದು ಒಂದು ಕಡೆ ನಿಂತವು. ಅವನ ಹಳೆಯ ನಾರು ಅಲ್ಲಿರಲಿಲ್ಲ. ಅದನ್ನು ಕತ್ತರಿಸಿ ತೆಗೆದು, ಬೇರೆ ಹಗ್ಗವನ್ನು ಮೂರು ಪಟ್ಟು ಮಾಡಿ, ಎರಡೂ ಕಡೆ ಬಿಗಿಯಾದ ಗಂಟು ಹಾಕಲಾಗಿತ್ತು.

ಅವನು ತಲೆಯೆತ್ತಿದ. ಪಡಸಾಲೆಯ ಗೋಡೆಗೆ ತಾತನವರು ಮಲಗುವ ಹೊರಸು ಒರಗಿ ನಿಂತಿತ್ತು. ಅದಕ್ಕೆ ಹಗ್ಗವೇ ಇರಲಿಲ್ಲ, ಬರೀ ನಾಲ್ಕು ಕಾಲು, ನಾಲ್ಕು ಪಟ್ಟಿ. ಗ್ಯಾನಪ್ಪನ ಹಗ್ಗ ಬಂದ ಮೊದಲ ದಿನವೇ ಅವರ ಕೈಗೆ ಹುಸಿ ಗೊತ್ತಾಗಿತ್ತು. ತಮ್ಮ ಹೊರಸಿನ ಹಗ್ಗ ಬಿಚ್ಚಿ ಅದನ್ನು ಸರಿಮಾಡಿ, ಎರಡು ತಿಂಗಳಿಂದ ನೆಲದ ಮೇಲೆ ಮಲಗುತ್ತಿದ್ದರು. ಊರಿನಲ್ಲಿ ಒಬ್ಬರಿಗೂ ಒಂದು ಮಾತು ಹೇಳಿರಲಿಲ್ಲ.

‘ಹಂಗಾರ ಇವತ್ತು ಹದಿನಾಲ್ಕಕ್ಕ ಯಾಕ ನಿಂತ್ರಿ?’ ಎಂದು ಗ್ಯಾನಪ್ಪ ಕೇಳಿದ.

ತಾತನವರು ತಮ್ಮ ಎಡತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಗ್ಯಾನಪ್ಪನಿಗೆ ಆ ಗೆರೆಯ ಒಂದೊಂದು ಇಂಚೂ ಗೊತ್ತಿತ್ತು.

‘ಹದಿಮೂರು ವರ್ಷ ಆತು’ ಎಂದರು ತಾತನವರು. ‘ಇವತ್ತು ಸ್ವಲ್ಪ ಜೋರು ಮಾಡ್ತು. ಕುಂತ್ವಿ. ಎದ್ವಿ. ಅದಿರ್ಲಿ ಗ್ಯಾನಪ್ಪ, ನಾವು ಯಾರ ಹಗ್ಗದಾಗ ಹಳೇ ನಾರು ಬೆರಸಿದ್ವಿ?’

ಎರಡು ತಿಂಗಳು ಗ್ಯಾನಪ್ಪನನ್ನು ಬಿಗಿದಿದ್ದ ಉರುಲು ಆ ಒಂದು ಪ್ರಶ್ನೆಗೆ ಸಡಿಲಾಯಿತು. ನೋವು ಹಾಗೆಯೇ ಇತ್ತು. ಉರುಲು ಮಾತ್ರ ಇರಲಿಲ್ಲ.

‘ತಪ್ಪು ಹಗ್ಗದಾಗ ಐತಿ, ಅದನ್ನ ಬಿಚ್ಚಿ ಹೊಸೀಬೇಕು. ಬ್ಯಾನಿ ಸೊಂಟದಾಗ ಐತಿ, ಅದನ್ನ ಅಡ್ಡಾಡಸಬೇಕು. ಎರಡನ್ನೂ ಕೂಡಿಸಿ ಯಾಕ ಹೊಸದಿ?’ ಎಂದರು ತಾತನವರು. ‘ಬಾವಿಗೆ ಹೊಸಾ ಹಗ್ಗ ಬೇಕು. ದಿನಾ ನಡದಷ್ಟು ಹೊಸಿ. ಹೊರಿ ಎತ್ತಬ್ಯಾಡ, ಭಾಳ ಹೊತ್ತು ಕುಂದರಬ್ಯಾಡ. ಕಾಲು ಸಾಕಂದ್ರ ನಿಲ್ಲು. ಮರುದಿನ ಮತ್ತ ನಡಿ.’

ಮರುದಿನ ಹುಲಿಗೆವ್ವ ರಾಟಿಯ ಜೇಡರ ಬಲೆ ಒರೆಸಿದಳು. ಗ್ಯಾನಪ್ಪ ನಾರು ಸುತ್ತಿಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟ. ಒಂದು ಮಾರು ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು. ಅಷ್ಟಕ್ಕೇ ನಿಲ್ಲಿಸಿದ. ಎರಡನೆಯ ದಿನವೂ ಒಂದೇ ಮಾರು. ನಾಲ್ಕನೆಯ ದಿನ ಎರಡೂವರೆ. ಆ ದಿನ ಅವನು ಹುರುಪಿನಲ್ಲಿ ಹೆಂಡತಿಯನ್ನು ರೇಗಿಸಿದ್ದೂ ಉಂಟು.

ಐದನೆಯ ದಿನ ಬೆಳಿಗ್ಗೆ ನೋವು ಮೊದಲಿನಂತೆಯೇ ಬಂದು ಕಾಲು ಜಗ್ಗಿತು. ಅದರ ಹಿಂದೆಯೇ ಹಳೆಯ ಹೆದರಿಕೆಯೂ ಬಂತು. ನಡೆದದ್ದೇ ತಪ್ಪಾಯಿತು, ನರ ಹರಿಯಿತು, ಶಿವ ಒಪ್ಪಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಹುಲಿಗೆವ್ವ ಎಷ್ಟು ಕರೆದರೂ ಏಳಲಿಲ್ಲ. ಅವಳು ಮಠಕ್ಕೆ ಓಡಿ ತಾತನವರಿಗೆ ತಿಳಿಸಿದಳು.

ತಾತನವರು ಕೋಲು ಹಿಡಿದು ಮೂರು ಹೊಲ ನಡೆದು ಬಂದರು, ಎಡಗಾಲು ತುಸು ಎಳೆಯುತ್ತ. ಅಂಗಳಕ್ಕೆ ಬಂದು ಹುಲಿಗೆವ್ವನ ಜಾಗದಲ್ಲಿ ರಾಟಿಯ ಮುಂದೆ ಕುಳಿತರು. ಗೊರ್ರೆಂದು ರಾಟಿ ತಿರುಗಿದ ಸದ್ದಿಗೆ, ಹೆಂಡತಿಯೇ ಇರಬೇಕೆಂದು ಗೊಣಗುತ್ತ ಗ್ಯಾನಪ್ಪ ಹೊರಳಿ ನೋಡಿದ. ಜಗತ್ತೆಲ್ಲ ಯಾರ ಪಾದಕ್ಕೆ ಬೀಳುತ್ತದೋ ಅವರು ತನ್ನ ಅಂಗಳದ ಧೂಳಿನಲ್ಲಿ ಕುಳಿತು ರಾಟಿ ತಿರುವುತ್ತಿದ್ದರು. ಅವನು ಗೋಡೆ ಹಿಡಿದು ಎದ್ದ.

ನಾರು ಕೊಕ್ಕೆಗೆ ಸಿಕ್ಕಿಸಿದ. ಹಿಂದಕ್ಕೆ ನಡೆಯುವಾಗ ಹಿಂದೇನಿದೆ ಎಂದು ಕಾಣುವುದಿಲ್ಲ. ಕಾಣುವುದು ರಾಟಿ, ರಾಟಿ ತಿರುವುವವರ ಮುಖ ಮಾತ್ರ. ಆ ದಿನ ಗ್ಯಾನಪ್ಪನಿಗೆ ಕಂಡದ್ದು ತಾತನವರ ಮುಖ. ಅವರ ಹುಬ್ಬು ಆಗಾಗ ನೋವಿಗೆ ಕೂಡುತ್ತಿತ್ತು, ಮತ್ತೆ ಬಿಡುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ. ಅದನ್ನು ನೋಡುತ್ತ ನೋಡುತ್ತ ಅವನು ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಎರಡು ಮಾರಿಗೆ ಕಾಲು ಸಾಕೆಂದಿತು, ನಿಂತ. ತಾತನವರೂ ರಾಟಿ ನಿಲ್ಲಿಸಿದರು.

‘ನಿನ್ನೆಗಿಂತ ಕಡಿಮೆ ಆತ್ರಿ ಯಪ್ಪಾ’ ಎಂದ ಗ್ಯಾನಪ್ಪ.

‘ಮಲಗಿದ್ದಕ್ಕಿಂತ ಎರಡು ಮಾರು ಹೆಚ್ಚು’ ಎಂದು ತಾತನವರು ಎದ್ದು ಕೋಲು ಹಿಡಿದು ಹೋದರು.

ಮೂರು ಹುರಿಯ, ಹನ್ನೆರಡು ಮಾರಿನ ಆ ಹಗ್ಗ ಮುಗಿಯಲು ಕಾರ್ತಿಕದವರೆಗೆ ಹಿಡಿಯಿತು. ಒಪ್ಪಿಸಲು ಗ್ಯಾನಪ್ಪ ಬಂಡಿ ಹತ್ತಲಿಲ್ಲ, ಹೊರೆಯನ್ನು ಹುಲಿಗೆವ್ವನ ತಲೆಗೆ ಕೊಟ್ಟು ಕುಂಟುತ್ತ ನಡೆದೇ ಹೋದ. ಬಾವಿಕಟ್ಟೆಯ ಮೇಲಿದ್ದ ಹೆಂಗಸರೆದುರು ತನ್ನ ತಪ್ಪನ್ನು ತಾನೇ ಬಾಯಿಬಿಟ್ಟು ಹೇಳಿ, ಹೊಸ ಹಗ್ಗವನ್ನು ಅವರ ಕೈಗಿತ್ತು, ‘ತುದೀತನಾ ಮುಟ್ಟಿ ನೋಡ್ರೆವ್ವಾ’ ಎಂದ. ಆಮೇಲೆ ಗಂಟಿನ ಹಗ್ಗವನ್ನು ಬಿಚ್ಚಿ, ಪಡಸಾಲೆಯಲ್ಲಿ ನಿಂತೇ ತಾತನವರ ಹೊರಸು ಹೆಣೆದ. ಗಂಟಿದ್ದ ತುಂಡೊಂದನ್ನು ಮಾತ್ರ ಬೇಡಿಕೊಂಡು ತಂದು ಮನೆಯ ದೇವರ ಜಗಲಿಯ ಮೇಲೆ ಇಟ್ಟುಕೊಂಡ. ಅಂದಿನಿಂದ ಪ್ರತಿ ಶ್ರಾವಣವೂ ಹಗ್ಗವನ್ನು ಹೀಗೆಯೇ ಮುಟ್ಟಿ ನೋಡಿಸಿ ಒಪ್ಪಿಸುವುದು ಆ ಮನೆಯ ನೇಮವಾಯಿತು.

ಬೇನೆ ಪೂರ್ತಿ ಹೋಯಿತೇ ಎಂದು ಕೇಳುವವರಿಗೆ ಸುಳ್ಳು ಹೇಳಬಾರದು. ಚಳಿಗಾಲ ಬಂತೆಂದರೆ ಒಮ್ಮೊಮ್ಮೆ ಸೊಂಟದಿಂದ ಹಿಮ್ಮಡಿಯವರೆಗೆ ಆ ಗೆರೆ ಮತ್ತೆ ಎಳೆಯುತ್ತಿತ್ತು. ಆದರೆ ಹಾಸಿಗೆ ಹುಡುಕುವ ಗ್ಯಾನಪ್ಪ ಆಗ ಇರಲಿಲ್ಲ. ನಾರಿನ ಕಟ್ಟು ಸೊಂಟಕ್ಕೆ ಸುತ್ತಿಕೊಳ್ಳುತ್ತ, ಬಂದ ಬೀಗರನ್ನು ಊರು ತೋರಿಸಲು ಕರೆದೊಯ್ಯುವವನ ದನಿಯಲ್ಲಿ ಅಂಗಳದಿಂದ ಕೂಗುತ್ತಿದ್ದ:

‘ಹುಲಿಗೀ, ರಾಟಿ ತಿರುವು ಬಾ. ಅದು ಬಂದೈತಿ. ಸ್ವಲ್ಪ ಅಡ್ಡಾಡಿಸಿ ಕಳಸೋಣು.’