ಮೀಸಲು ಹಾಲು ಒಲೆ ಕಂಡ ದಿನ

ಪರಮಪೂಜ್ಯ ಹಂಪಯ್ಯ ಅಜ್ಜನವರ ಮಠವೆಂದರೆ ಗೋಪುರವಿಲ್ಲ, ಗಂಟೆಯಿಲ್ಲ. ಎರೆಹೊಲಗಳ ನಡುವೆ ಒಂದು ಬನ್ನಿಮರ, ಅದರ ಬುಡಕ್ಕೆ ಒಂದು ಮಣ್ಣಿನ ಕೋಣೆ, ಒಳಗೆ ಮೂರು ಕಲ್ಲಿನ ಒಲೆ. ಹಾರುವ ಕಾಗೆ ಹುರಿದು ಬೀಳುವಂಥ ಬಿಸಿಲಿನ ಸೀಮೆ ಅದು. ಅಂಥ ಬಿಸಿಲು ಕೂಡ ಅಜ್ಜನವರ ಹೊಸ್ತಿಲಲ್ಲಿ ಚಪ್ಪಲಿ ಕಳಚಿಟ್ಟು ತಣ್ಣಗೆ ಒಳಗೆ ಬರುತ್ತಿತ್ತು. ಗುಡ್ಡದ ತೋಳಗಳು ಅವರ ಮುಂದೆ ಸಾಲಾಗಿ ಕುಳಿತು ಪ್ರಸಾದ ಉಂಡದ್ದನ್ನು ಕಂಡವರು ಒಬ್ಬಿಬ್ಬರಲ್ಲ, ಅರ್ಧ ತಾಲೂಕು.

ಅಂಥ ಮಹಾನುಭಾವರ ಬಳಿಗೆ ಒಂದು ಸೋಮವಾರ ಮಧ್ಯಾಹ್ನ ಆಡು ಸಾಕುವ ಲಕ್ಕಪ್ಪ ಬಂದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೀಸಲು ಹಾಲಿನ ತಂಬಿಗೆ. ಹಿಂದೆ, ಬಟ್ಟೆಗಂಟು ಹೊತ್ತ ಸೊಸೆ ಮಾಳವ್ವ.

ಈ ಲಕ್ಕಪ್ಪನೇನು ಸಣ್ಣ ಆಸಾಮಿಯಲ್ಲ. ಒಂದು ಕಾಲಕ್ಕೆ ಎರಡು ಹೋತಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ತುಂಬಿದ ಹೊಳೆ ಈಜಿದವನು. ಈಗ ಹತ್ತು ಹೆಜ್ಜೆಗೊಮ್ಮೆ ಕುಳಿತು ಏಳುತ್ತಿದ್ದ. ಸಂಜೆಯಾದರೆ ಜ್ವರ, ಬೆನ್ನ ಮೇಲೆ ರೊಟ್ಟಿ ಬಡಿದರೆ ಬೇಯುವಷ್ಟು. ಬೆಳಗಿನ ಹೊತ್ತಿಗೆ ಹಾಸಿಗೆ ಹಿಂಡುವಷ್ಟು ಬೆವರು. ಒಂದಷ್ಟು ದಿನ ಬಿಟ್ಟಂತೆ ಮಾಡಿ ಮತ್ತೆ ಹಿಡಿಯುತ್ತಿತ್ತು. ಸಂದುಗಳಲ್ಲಿ ಯಾರೋ ಕೂತು ಗರಗಸ ಎಳೆದಂತೆ ನೋವು. ಸಿಟ್ಟಾಗುವುದಕ್ಕೂ ಅವನಿಗೆ ಶಕ್ತಿ ಉಳಿದಿರಲಿಲ್ಲ.

ಆ ಸೀಮೆಯ ಆಡು ಸಾಕುವವರಲ್ಲಿ ಒಂದು ಪದ್ಧತಿ ಇತ್ತು. ಸೋಮವಾರ ಮೊದಲು ಕರೆದ ಹಾಲು ಗುರುವಿಗೆ ಮೀಸಲು. ಅದು ಬೆಂಕಿ ಕಾಣಬಾರದು. ಕಾಸಿದರೆ ಹಿಂಡಿನ ಕೆಚ್ಚಲು ಬತ್ತುತ್ತದೆಂದು ಭಯ. ಲಕ್ಕಪ್ಪ ತಪ್ಪದೆ ತರುತ್ತಿದ್ದ, ಅಜ್ಜನವರು ಭಕ್ತನ ಮನಸ್ಸು ನೋಯದಿರಲೆಂದು ಹಸಿಯಾಗಿಯೇ ಸ್ವೀಕರಿಸುತ್ತಿದ್ದರು.

"ಅಜ್ಜಾರ, ಇಕಿನ್ನ ತವರಿಗೆ ಬಿಟ್ಟು ಬರಾಕ ಹೊಂಟೀನ್ರಿ," ಎಂದ ಲಕ್ಕಪ್ಪ, ಗೋಡೆಗೆ ಒರಗುತ್ತ. "ಇಕಿ ಕಾಲಿಟ್ಟ ಮ್ಯಾಲೆ ಒಂದು ಆಡೂ ನೆಟ್ಟಗ ಈದಿಲ್ಲ. ತಿಂಗಳು ತುಂಬೋಕಿಂತ ಮೊದಲ ಕಂದು ಹಾಕ್ತಾವ. ಸತ್ತ ಮರಿ ಎತ್ತಿ ಹಾಕಿ ಹಾಕಿ ನನ್ನ ಕೈ ಸೋತಾವ. ವಿಭೂತಿ ಕೊಡ್ರಿ, ಮನಿ ಶುದ್ಧ ಮಾಡ್ಕೋತೀನಿ."

"ಮಗ ಏನಂತಾನ?"

"ಅವನ ಬಾಯಾಗ ನಾಲಿಗಿ ಇರೋದು ಉಣ್ಣಾಕ ಅಷ್ಟ ರೀ."

"ಉಣ್ಣಾಕ ನೀಡಾಕಿ ನಾನ ಅದೀನಿ, ಮಾವಾರ," ಎಂದಳು ಮಾಳವ್ವ ಬಾಗಿಲಾಚೆಯಿಂದ. "ಅದಕ್ಕ ಮಾತ್ರ ನನ್ನ ಕಾಲ್ಗುಣ ಅಡ್ಡ ಬರಲಿಲ್ಲ ನೋಡ್ರಿ."

ಅಜ್ಜನವರು ಕಂಬಳಿ ಸರಿಸಿ ನಿಧಾನವಾಗಿ ಎದ್ದು ಕುಳಿತರು. ಒಂದು ಕೈ ಗೋಡೆಗೆ, ಒಂದು ಕೈ ನಡುವಿಗೆ. ಲಕ್ಕಪ್ಪ ಆಗ ನೋಡಿದ. ಅಜ್ಜನವರ ಅಂಗವಸ್ತ್ರ ತೊಯ್ದಿತ್ತು. ಕಣ್ಣು ಗುಳಿ ಬಿದ್ದಿದ್ದವು. ಅವರು ನಡು ಹಿಡಿದ ರೀತಿ, ತಾನು ದಿನವೂ ಹಿಡಿದುಕೊಳ್ಳುವ ರೀತಿಯೇ.

"ಲಕ್ಕಪ್ಪ, ನನಗೂ ಸಂಜಿ ಆದ್ರ ಜ್ವರ. ಮೊಣಕಾಲು ಹಿಡೀತಾವ," ಎಂದರು. "ನಿನ್ನ ಸೊಸಿ ಈ ಮಠಕ್ಕ ಬಂದದ್ದು ಇವತ್ತ ಮೊದಲು. ಮತ್ತ ನನಗ ಯಾರ ಕಾಲ್ಗುಣ?"

ಲಕ್ಕಪ್ಪ ಒಮ್ಮೆ ಬಾಗಿಲ ಕಡೆ, ಒಮ್ಮೆ ಅಜ್ಜನವರ ಕಡೆ ನೋಡಿದ.

"ನಿನ್ನ ಹಟ್ಟಿಯಿಂದ ನನ್ನ ಮೈಯೊಳಗ ಏನು ಬಂದೈತಿ, ನೀನ ಹೇಳು."

ಅವನ ಕೈಯಲ್ಲಿದ್ದ ತಂಬಿಗೆ ಒಮ್ಮೆಲೇ ಬಂಡೆಯಷ್ಟು ಭಾರವಾಯಿತು. ವಾರವಾರವೂ ಭಕ್ತಿಯಿಂದ ಹೊತ್ತು ತಂದವನು ತಾನೇ. ಗುರುವಿನ ಬಾಯಿಗೆ ಈ ಬೇನೆಯನ್ನು ಸುರಿದವನೂ ತಾನೇ. ಅದನ್ನು ಕೆಳಗಿಡಲೂ ತಿಳಿಯದೆ, ಕೊಡಲೂ ಆಗದೆ ನಿಂತ.

ಅಜ್ಜನವರು ಬಾಗಿಲ ಕಡೆ ತಿರುಗಿದರು. "ಒಳಗ ಬಾರವ್ವ. ಒಲಿ ಹಚ್ಚಿ ಈ ಹಾಲು ಉಕ್ಕಿಸು."

"ಅಜ್ಜಾರ, ಮೀಸಲು ಕಾಸಿದ್ರ ಕೆಚ್ಚಲ ಬತ್ತಾವ್ರಿ," ಎಂದ ಲಕ್ಕಪ್ಪ ಕ್ಷೀಣವಾಗಿ.

"ಕಂದು ಹಾಕೋ ಆಡಿನ ಕೆಚ್ಚಲ ಈಗೆಲ್ಲಿ ತುಂಬಿ ಹರೀತಾವ, ಮಾವಾರ," ಎನ್ನುತ್ತ ಮಾಳವ್ವ ಗಂಟಿಳಿಸಿ ಒಳಗೆ ಬಂದಳು.

"ಬೆಂಕಿನೂ ಶಿವನೇ," ಎಂದರು ಅಜ್ಜನವರು. "ಮೊದಲ ಅವ ಮುಟ್ಟಲಿ."

ಹಾಲು ಉಕ್ಕಿತು. ಆ ಒಂದು ತಂಬಿಗೆ ಹಾಲು ಕೋಣೆಯ ತೊಲೆ ಮುಟ್ಟುವಷ್ಟು ಉಕ್ಕಿದರೂ ಒಂದು ಹನಿ ಚೆಲ್ಲಲಿಲ್ಲ. ಆರಿಸಿ, ಅಜ್ಜನವರು ಅರ್ಧ ಕುಡಿದು ಅರ್ಧ ಲಕ್ಕಪ್ಪನಿಗೆ ಕೊಟ್ಟರು. ಅವನು ಕುಡಿದು, ಅಳುತ್ತ ಅವರ ಪಾದದ ಮೇಲೆ ಬಿದ್ದ.

"ಕಾಲು ಒತ್ತಿ ಹಿಡೀಬ್ಯಾಡೋ ಮಾರಾಯ, ಮೊದಲ ನೋಯ್ತಾವ," ಎಂದರು ಅಜ್ಜನವರು. "ಇದು ಯಾವ ಬೇನಿ ಅಂತ ನನಗ ಗೊತ್ತಿಲ್ಲ. ವಿಭೂತಿಗೂ ಗೊತ್ತಿಲ್ಲ. ಗೊತ್ತಿದ್ದವರ ಹತ್ರ ಹೋಗೂಣು, ಏಳು."

ಮೂವರೂ ಬಸ್ಸು ಹಿಡಿದು ಪೇಟೆಯ ದವಾಖಾನೆಗೆ ಹೋದರು. ಅಲ್ಲಿ ಇಬ್ಬರ ರಕ್ತ ತೆಗೆದು ಉಳಿಸಿಕೊಂಡರು, ಮಾಳವ್ವ ಆರೈಕೆಗೆ ನಿಂತಳು. ದನದ ಡಾಕ್ಟರು ಹಟ್ಟಿಗೇ ಹೋಗಿ ಆಡುಗಳ ರಕ್ತ ತೆಗೆದರು. ಪರೀಕ್ಷೆ ಮುಗಿಸಿ ಬಂದು, ಬ್ರೂಸೆಲ್ಲಾ ಎಂಬ ಕ್ರಿಮಿ, ಕಂದು ಹಾಕುವ ರೋಗ ಎಂದರು. ಹಸಿ ಹಾಲಿನಿಂದ, ಸತ್ತ ಮರಿ ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟಿದ್ದರಿಂದ ಮನುಷ್ಯರಿಗೂ ಹತ್ತುತ್ತದೆ ಎಂದರು. ಮಗನ ಮದುವೆಯ ಹೊತ್ತಿಗೆ ಸಂತೆಯಿಂದ ಹೊಸ ಆಡು ತಂದಿದ್ದಿರಾ ಎಂದು ಕೇಳಿದಾಗ ಲಕ್ಕಪ್ಪ ತಲೆ ತಗ್ಗಿಸಿದ. ಊರಿಗೆಲ್ಲ ತೋರಿಸಿ ಮೆರೆಸಿದ ಗಬ್ಬದ ಆಡುಗಳವು. ಮೊದಲು ಕಂದು ಹಾಕಿದವೂ ಅವೇ.

ಅಂದು ಸಂಜೆ ದವಾಖಾನೆಯ ಕಟ್ಟೆಯ ಮೇಲೆ ಇಬ್ಬರಿಗೂ ಜ್ವರ ಏರಿತು. ಗುರು ಶಿಷ್ಯರು ಒಂದೇ ಕಂಬಳಿಯಲ್ಲಿ ನಡುಗುತ್ತ ಕುಳಿತರು.

"ಮನಿಗೆ ನಡಿ, ಮಾಳವ್ವ," ಎಂದ ಲಕ್ಕಪ್ಪ. ಮದುವೆಯಾದಾಗಿನಿಂದ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ತಪ್ಪು ನಂದೈತಿ."

"ಜ್ವರ ಇಳೀಲಿ ತಡೀರಿ, ಮಾವಾರ. ನಿಮ್ಮನ್ನ ಹೊತ್ತು ನಡಿಯಾಕ ನಾನೇನು ನಿಮ್ಮಂಗ ಹೊಳಿ ಈಜಿದಾಕಿ ಅಲ್ಲ."

ಜ್ವರ ಬಿಡಲು ಬಹಳ ದಿನ ಹಿಡಿಯಿತು. ಇದರಲ್ಲಿ ಪವಾಡವಿಲ್ಲ, ಗುಳಿಗೆ, ಸೂಜಿ, ಬೇಸರ. ಬೇನೆ ಸಿಕ್ಕ ಆಡುಗಳನ್ನು ಲಕ್ಕಪ್ಪ ಹಿಂಡಿನಿಂದ ತೆಗೆದ. ಕಂದು ಬಿದ್ದರೆ ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಸುರಿದು ಆಳವಾಗಿ ಹೂಳಿದ. ಅಜ್ಜನವರ ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಮೀಸಲು ಹಾಲು ನಿಲ್ಲಲಿಲ್ಲ. ಸೋಮವಾರ ಲಕ್ಕಪ್ಪ ಬಿಸಿ ತಂಬಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟರೆ, ದಾರಿಯಲ್ಲಿ ಯಾರಾದರೂ ತಡೆದು, ಒಲೆ ಕಂಡ ಹಾಲು ಗುರುವಿಗೆ ಹೇಗೆ ಸಲ್ಲುತ್ತದೆಂದು ಕೇಳುತ್ತಿದ್ದರು.

ಅವನು ನಿಂತು, ಉಸಿರು ತೆಗೆದುಕೊಂಡು ಹೇಳುತ್ತಿದ್ದ: "ನಮ್ಮ ಸೊಸಿ ಕಾಸಿದ ಹಾಲದು. ಸಲ್ಲತೈತಿ."