ಅರಿಸಿನದ ದಾರ

ವಿಜ್ಞಾನದ ತರಗತಿಗೆಂದು ಕಸ್ತೂರಿ ಎಂಬ ಹುಡುಗಿ ಸ್ಟೀಲ್ ತಟ್ಟೆಯಲ್ಲಿ ಜೀವಕೋಶದ ಮಾದರಿ ಮಾಡಿದಳು. ಕಲಸಿದ ಗೋಧಿ ಹಿಟ್ಟನ್ನು ಹರಡಿ, ನಡುವೆ ಗಾಜಿನ ಗೋಲಿಯನ್ನು ಕೋಶಕೇಂದ್ರವಾಗಿ ಕೂರಿಸಿದಳು. ಕೋಶಕ್ಕೆ ಶಕ್ತಿ ಕೊಡುವ ಭಾಗಕ್ಕೆ ಬೆಲ್ಲವೇ ಸರಿಯೆಂದು ಅದರ ಚೂರುಗಳನ್ನು ಸಿಕ್ಕಿಸಿದಳು. ಹಳದಿ ದಾರ ಸಿಗದಿದ್ದರಿಂದ ಬಿಳಿ ದಾರವನ್ನೇ ಅರಿಸಿನದಲ್ಲಿ ಅದ್ದಿ, ಹಿಟ್ಟಿನ ಸುತ್ತ ಕೋಶಪೊರೆಯಾಗಿ ಇಟ್ಟಳು.

ಗೋಲಿ ದಾರವನ್ನು ನೋಡಿ ನಕ್ಕಿತು. "ನಾನು ಈ ಕೋಶದ ಯಜಮಾನ. ನೀನು ಬರೀ ಅಂಚು. ನಿನ್ನಿಂದೇನು ಪ್ರಯೋಜನ?"

"ಅಂಚಿನಲ್ಲಿರುವವರಿಗೆ ಕೆಲಸ ಜಾಸ್ತಿ ಸ್ವಾಮಿ, ಆಮೇಲೆ ಮಾತಾಡೋಣ" ಎಂದಿತು ದಾರ.

ಊಟದ ಬಿಡುವಿನಲ್ಲಿ ಬೆಲ್ಲದ ವಾಸನೆ ಹಿಡಿದು ಇರುವೆಗಳ ಸಾಲು ತಟ್ಟೆ ಹತ್ತಿತು. "ನಿಲ್ಲಿ! ಇದು ನನ್ನ ಅಪ್ಪಣೆ!" ಎಂದು ಗೋಲಿ ಕೂಗಿತು. ಇರುವೆಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ದಾರದ ಹತ್ತಿರ ಬಂದಾಗ ಅರಿಸಿನದ ಘಾಟಿಗೆ ತಾವಾಗಿಯೇ ನಿಂತವು.

ಅಷ್ಟರಲ್ಲಿ ಕಸ್ತೂರಿ ಬಂದು, ಹಿಟ್ಟು ಒಣಗದಿರಲೆಂದು ಅಂಚಿಗೆ ನೀರು ಚಿಮುಕಿಸಿದಳು. ನೀರು ದಾರವನ್ನು ನೆನೆಸಿ ಒಳಗಿಳಿಯಿತು.

"ನೀರನ್ನು ಬಿಟ್ಟೆಯಲ್ಲ, ನಮ್ಮನ್ನೇಕೆ ತಡೆಯುತ್ತೀ?" ಎಂದಿತು ಸಾಲಿನ ಮುಂದಿದ್ದ ಇರುವೆ.

"ನೀರು ಒಳಗಿನವರನ್ನು ಉಳಿಸಲು ಬಂತು. ನೀವು ತಿನ್ನಲು ಬಂದಿದ್ದೀರಿ" ಎಂದಿತು ದಾರ.

ಗಂಟೆ ಹೊಡೆಯಿತು. ಫಿಲೋಮಿನಾ ಟೀಚರ್ ತಟ್ಟೆಯ ಮುಂದೆ ನಿಂತು ಕೇಳಿದರು: "ಕೋಶಪೊರೆಯ ಕೆಲಸ ಏನಮ್ಮಾ?"

ಕಸ್ತೂರಿ ತಡವರಿಸಲಿಲ್ಲ. "ನಾನು ಹೇಳೋದೇನು ಟೀಚರ್, ದಾರದ ಹೊರಗೆ ನಿಂತಿರೋ ಇರುವೆಗಳನ್ನೇ ಕೇಳಿ."